ಕಪಾಟಿನ ಬೀಗ ತೆಗೆಸಿದ ಗಣಿತದ ಮೇಷ್ಟ್ರು

ಪ್ರತಿ ವರ್ಷ ಆಗಸ್ಟ್ 12ರಂದು ನಮ್ಮ ಕಾಲೇಜುಗಳಲ್ಲಿ ಗ್ರಂಥಪಾಲಕರ ದಿನ ನಡೆಯುತ್ತದೆ. ಎಸ್.ಆರ್. ರಂಗನಾಥನ್ ಅವರ ಭಾವಚಿತ್ರಕ್ಕೆ ಹಾರ ಹಾಕಿ, ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಂದು ಎರಡು ಮಾತು ಹೇಳಿ ಕಾರ್ಯಕ್ರಮ ಮುಗಿಸುತ್ತೇವೆ. ಅವರು ಗ್ರಂಥಪಾಲಕರಾಗುವುದಕ್ಕೆ ಮೊದಲು ನಮ್ಮ ಹಾಗೆಯೇ ಶಿಕ್ಷಕ ತರಬೇತಿ ಪಡೆದವರು, ಏಳು ವರ್ಷ ಕರಿಹಲಗೆಯ ಮುಂದೆ ನಿಂತು ಗಣಿತ ಪಾಠ ಮಾಡಿದವರು ಎಂಬುದು ಆ ಎರಡು ಮಾತಿನಲ್ಲಿ ಬರುವುದಿಲ್ಲ. ಬೋಧನಾಭ್ಯಾಸಕ್ಕೆ ಮೀಸಲಾದ ಈ ಪತ್ರಿಕೆಯಲ್ಲಿ ಅವರ ಜೀವನವನ್ನು ಆ ಕಡೆಯಿಂದ ಹೇಳಬೇಕೆಂಬುದು ನನ್ನ ಬಹುದಿನದ ಆಸೆ.

ಇದಕ್ಕೆ ಇನ್ನೊಂದು ಕಾರಣವೂ ಇದೆ. ಕ್ರಿಯಾ ಸಂಶೋಧನೆಯ ವರದಿ ಬರೆಯುವ ಪ್ರಶಿಕ್ಷಣಾರ್ಥಿಗಳು ವರ್ಷ ವರ್ಷವೂ ನನ್ನ ಬಳಿ ಒಂದೇ ದೂರು ತರುತ್ತಾರೆ. ತಮಗೆ ಬೇಕಾದ ಲೇಖನದ ಹೆಸರು ಸಿಗುತ್ತದೆ, ಸಾರಾಂಶವೂ ಸಿಗುತ್ತದೆ, ಲೇಖನ ಮಾತ್ರ ಹಣ ಕೊಟ್ಟರೆ ಸಿಗುತ್ತದೆ. ಒಂದೊಂದು ಲೇಖನಕ್ಕೆ ಕೇಳುವ ಬೆಲೆ ಅವರ ಒಂದು ವಾರದ ಊಟದ ಖರ್ಚಿಗೆ ಸಮ. ಇದು ಇಂದಿನ ಕಾಲದ ತೊಂದರೆ ಎಂದು ಅವರು ತಿಳಿದಿದ್ದಾರೆ. ಓದುಗನಿಗೂ ಜ್ಞಾನಕ್ಕೂ ನಡುವೆ ಇರುವ ಬೀಗ ಹೊಸದಲ್ಲ. ಅದನ್ನು ತೆಗೆಸುವುದಕ್ಕೆ ಅರ್ಧ ಶತಮಾನ ದುಡಿದ ಒಬ್ಬ ಮೇಷ್ಟ್ರ ಕಥೆ ಇದು.

ಶಿಯಾಳಿಯಿಂದ ಸೈದಾಪೇಟೆಗೆ

ಶಿಯಾಳಿ ರಾಮಾಮೃತ ರಂಗನಾಥನ್ 1892ರ ಆಗಸ್ಟ್ ತಿಂಗಳಲ್ಲಿ ತಂಜಾವೂರು ಸೀಮೆಯ ಶಿಯಾಳಿಯಲ್ಲಿ ಹುಟ್ಟಿದರು. ಈಗ ಆ ಊರನ್ನು ಸೀರ್ಕಾಳಿ ಎನ್ನುತ್ತಾರೆ. ತಂದೆ ರಾಮಾಮೃತ ಅಯ್ಯರ್ ಮಗನಿಗೆ ಆರು ವರ್ಷವಾಗಿದ್ದಾಗಲೇ ತೀರಿಕೊಂಡರು. ತಾಯಿ ಸೀತಾಲಕ್ಷ್ಮಿ ಮತ್ತು ಶಾಲಾ ಮಾಸ್ತರರಾಗಿದ್ದ ಅಜ್ಜ ಹುಡುಗನನ್ನು ಬೆಳೆಸಿದರು. ಊರಿನ ಹಿಂದೂ ಹೈಸ್ಕೂಲಿನಲ್ಲಿ ಓದು ನಡೆಯಿತು. ಹುಡುಗನಿಗೆ ಮಾತಿನಲ್ಲಿ ತೊದಲು ಇತ್ತು. ಮುಂದೆ ಸಾವಿರಾರು ಜನರಿಗೆ ಪಾಠ ಹೇಳಿದವರಿಗೆ ಮೊದಲು ನಾಲಿಗೆಯೇ ಎದುರಾಳಿಯಾಗಿತ್ತು. ಅವರು ಅದನ್ನು ಅಭ್ಯಾಸದಿಂದಲೇ ಗೆದ್ದರು. ಮೊದಲ ಪಾಠದ ದಿನ ಗಂಟಲು ಒಣಗಿ, ಕೈ ನಡುಗಿ, ಈ ಕೆಲಸ ನನ್ನಿಂದಾಗದು ಎಂದು ಹೇಳುವ ಪ್ರಶಿಕ್ಷಣಾರ್ಥಿಗಳಿಗೆ ನಾನು ಈ ಸಂಗತಿಯನ್ನು ತಪ್ಪದೆ ಹೇಳುತ್ತೇನೆ.

ಮದರಾಸಿನ ಕ್ರಿಶ್ಚಿಯನ್ ಕಾಲೇಜಿನಲ್ಲಿ 1913ರಲ್ಲಿ ಬಿ.ಎ., 1916ರಲ್ಲಿ ಗಣಿತದಲ್ಲಿ ಎಂ.ಎ. ಮುಗಿಸಿದರು. ಅಲ್ಲಿ ಅವರಿಗೆ ಸಿಕ್ಕ ಗುರು ಎಡ್ವರ್ಡ್ ರಾಸ್. ವಿದ್ಯಾರ್ಥಿಯನ್ನು ಹತ್ತಿರ ಕೂರಿಸಿಕೊಂಡು ಅವನೊಂದಿಗೆ ತಾನೂ ಯೋಚಿಸುವ ಬಗೆಯ ಮೇಷ್ಟ್ರು ಅವರು. ರಂಗನಾಥನ್ ಕೊನೆಯವರೆಗೂ ಅವರನ್ನು ನೆನೆಯುತ್ತಿದ್ದರು. ಎಂ.ಎ. ಆದ ಮೇಲೆ ಸೈದಾಪೇಟೆಯ ಟೀಚರ್ಸ್ ಕಾಲೇಜಿಗೆ ಸೇರಿ ಎಲ್.ಟಿ. ಪದವಿ ಪಡೆದರು. ಇಂದಿನ ಬಿ.ಇಡಿ. ಪದವಿಗೆ ಆಗ ಮದರಾಸು ಪ್ರಾಂತ್ಯದಲ್ಲಿದ್ದ ಹೆಸರು ಎಲ್.ಟಿ.

1917ರಲ್ಲಿ ಅವರಿಗೆ ಮೊದಲ ನೇಮಕ ಸಿಕ್ಕಿದ್ದು ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ. ದಕ್ಷಿಣ ಕನ್ನಡ ಆಗ ಮದರಾಸು ಪ್ರಾಂತ್ಯಕ್ಕೆ ಸೇರಿತ್ತು. ಇಂದು ಹಂಪನಕಟ್ಟೆಯಲ್ಲಿ ವಿಶ್ವವಿದ್ಯಾನಿಲಯ ಕಾಲೇಜು ಎಂದು ಕರೆಯುವುದು ಅದೇ ಕಾಲೇಜನ್ನು. ಅಲ್ಲಿಂದ ಕೊಯಮತ್ತೂರಿಗೆ, 1921ರಲ್ಲಿ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿಗೆ ವರ್ಗವಾಯಿತು. ಟಿಪ್ಪಣಿ ಬರೆಸಿ ಬಾಯಿಪಾಠ ಮಾಡಿಸುವ ಪದ್ಧತಿ ಅವರಿಗೆ ಹಿಡಿಸುತ್ತಿರಲಿಲ್ಲ. ವಿದ್ಯಾರ್ಥಿಗಳನ್ನು ಸಣ್ಣ ಗುಂಪುಗಳಾಗಿ ಮಾಡಿ, ಪ್ರಶ್ನೆ ಕೊಟ್ಟು, ಉತ್ತರ ಹುಡುಕಲು ಪುಸ್ತಕಗಳ ಕಡೆಗೆ ಕಳಿಸುತ್ತಿದ್ದರು. ಹೀಗೆ ಕಲಿಸುವ ಮೇಷ್ಟ್ರಿಗೆ ಒಂದು ಕಷ್ಟ ಬೇಗನೆ ಎದುರಾಗುತ್ತದೆ. ಹುಡುಕಿಕೊಂಡು ಹೋದ ವಿದ್ಯಾರ್ಥಿಗೆ ಪುಸ್ತಕ ಸಿಗಬೇಕಲ್ಲ!

ಅಂಚೆಯಲ್ಲಿ ಸುತ್ತುತ್ತಿದ್ದ ಪತ್ರಿಕೆಗಳು

ಆ ಕಾಲದಲ್ಲಿ ನಮ್ಮ ದೇಶದ ಗಣಿತದ ಮೇಷ್ಟ್ರಿಗೆ ಹೊಸ ಸಂಶೋಧನೆ ತಿಳಿಯುವುದು ಎಷ್ಟು ಕಷ್ಟವಾಗಿತ್ತು ಎಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ವಿ. ರಾಮಸ್ವಾಮಿ ಅಯ್ಯರ್ ಎಂಬ ಡೆಪ್ಯುಟಿ ಕಲೆಕ್ಟರ್ ಗುತ್ತಿಯಲ್ಲಿದ್ದರು. ಗಣಿತದ ಹುಚ್ಚು ಇದ್ದವರು. ಯುರೋಪಿನ ಗಣಿತ ಪತ್ರಿಕೆಗಳು ಅವರ ಊರಿಗೆ ಬರುತ್ತಿರಲಿಲ್ಲ, ಒಬ್ಬರೇ ತರಿಸಲು ಹಣವೂ ಸಾಲುತ್ತಿರಲಿಲ್ಲ. 1907ರಲ್ಲಿ ಅವರು ತಮ್ಮಂಥವರನ್ನು ಸೇರಿಸಿ ಅನಾಲಿಟಿಕಲ್ ಕ್ಲಬ್ ಎಂಬ ಕೂಟ ಕಟ್ಟಿದರು. ಎಲ್ಲರೂ ಚಂದಾ ಹಾಕಿ ಪತ್ರಿಕೆ, ಪುಸ್ತಕ ತರಿಸುವುದು, ಓದಿದ ಮೇಲೆ ಅಂಚೆಯಲ್ಲಿ ಮುಂದಿನವರಿಗೆ ಕಳಿಸುವುದು ಅದರ ಕೆಲಸ. ಆ ಕೂಟವೇ ಮುಂದೆ ಇಂಡಿಯನ್ ಮ್ಯಾಥಮೆಟಿಕಲ್ ಸೊಸೈಟಿ ಆಯಿತು. ಅದರ ಪತ್ರಿಕೆಯಲ್ಲಿಯೇ 1911ರಲ್ಲಿ ಶ್ರೀನಿವಾಸ ರಾಮಾನುಜನ್ ಅವರ ಮೊದಲ ಸಂಶೋಧನಾ ಲೇಖನ ಬಂತು.

ರಾಮಾನುಜನ್ ಅವರ ಬದುಕೇ ಈ ಮಾತಿಗೆ ಸಾಕ್ಷಿ. ಹದಿಹರೆಯದಲ್ಲಿ ಕುಂಭಕೋಣದ ಕಾಲೇಜಿನ ಗ್ರಂಥಾಲಯದಿಂದ ಕೈಗೆ ಬಂದ ಕಾರ್ ಎಂಬಾತನ ಗಣಿತದ ಪುಸ್ತಕ ಅವರ ಪ್ರತಿಭೆಗೆ ಬಾಗಿಲು ತೆರೆಯಿತು. ಪುಸ್ತಕ ಹಳೆಯದಾಗಿತ್ತು. ಯುರೋಪಿನಲ್ಲಿ ಆ ಹೊತ್ತಿಗೆ ಗಣಿತ ಎಷ್ಟೋ ಮುಂದೆ ಹೋಗಿತ್ತು. ಅಲ್ಲಿನ ಪತ್ರಿಕೆಗಳು ಸಿಗದಿದ್ದ ಕಾರಣ ಬೇರೆಯವರು ಆಗಲೇ ಕಂಡುಹಿಡಿದಿದ್ದನ್ನು ರಾಮಾನುಜನ್ ಮತ್ತೆ ತಾವೇ ಕಂಡುಹಿಡಿಯುವುದರಲ್ಲಿ ವರ್ಷಗಳನ್ನು ಕಳೆದರು. ರಂಗನಾಥನ್ ಇದನ್ನು ಬಲ್ಲವರು. 1967ರಲ್ಲಿ ಅವರು ರಾಮಾನುಜನ್ ಕುರಿತು ಒಂದು ಪುಸ್ತಕವನ್ನೂ ಬರೆದರು. ಒಂದು ಪುಸ್ತಕ ಸಿಕ್ಕರೆ ಏನಾಗುತ್ತದೆ, ಒಂದು ಪತ್ರಿಕೆ ಸಿಗದಿದ್ದರೆ ಏನಾಗುತ್ತದೆ ಎಂಬ ಎರಡೂ ಪಾಠಗಳು ಒಂದೇ ಜೀವನದಲ್ಲಿವೆ.

ಬೇಡವೆನಿಸಿದ ಹುದ್ದೆ

ಮದರಾಸು ವಿಶ್ವವಿದ್ಯಾನಿಲಯ ತನ್ನ ಮೊದಲ ಗ್ರಂಥಪಾಲಕನನ್ನು ಹುಡುಕುತ್ತಿತ್ತು. ನೂರಾರು ಅರ್ಜಿಗಳು ಬಂದವು. ಗೆಳೆಯರ ಒತ್ತಾಯಕ್ಕೆ ರಂಗನಾಥನ್ ಕೂಡ ಅರ್ಜಿ ಹಾಕಿದರು. ಗ್ರಂಥಾಲಯದ ಕೆಲಸದ ಗಂಧಗಾಳಿ ಅವರಿಗೆ ಇರಲಿಲ್ಲ. ಸಂದರ್ಶನಕ್ಕೆ ಮೊದಲು ವಿಶ್ವಕೋಶದಲ್ಲಿ ಗ್ರಂಥಾಲಯದ ಮೇಲಿನ ಲೇಖನ ಓದಿಕೊಂಡು ಹೋದರಂತೆ. ಹುದ್ದೆ ಅವರಿಗೇ ಸಿಕ್ಕಿತು. 1924ರ ಜನವರಿಯಲ್ಲಿ ಕೆಲಸಕ್ಕೆ ಸೇರಿದರು.

ಸೇರಿದ ಕೆಲವೇ ದಿನಕ್ಕೆ ಅವರಿಗೆ ಸಾಕಾಗಿಹೋಯಿತು. ಓದುಗರು ಬರುತ್ತಿರಲಿಲ್ಲ. ದಿನವಿಡೀ ಪುಸ್ತಕಗಳ ಮಧ್ಯೆ ಒಬ್ಬರೇ. ತರಗತಿಯ ಗಲಾಟೆ, ವಿದ್ಯಾರ್ಥಿಗಳ ಮುಖ, ಲೆಕ್ಕ ಬಿಡಿಸಿದಾಗ ಕಣ್ಣಲ್ಲಿ ಮೂಡುವ ಬೆಳಕು, ಯಾವುದೂ ಅಲ್ಲಿರಲಿಲ್ಲ. ಸಂಬಳ ಹೆಚ್ಚಿದ್ದರೂ ಬೇಡವೆನಿಸಿ ಪ್ರೆಸಿಡೆನ್ಸಿ ಕಾಲೇಜಿನ ಪ್ರಾಂಶುಪಾಲರ ಬಳಿ ಓಡಿದರು. ತಮ್ಮನ್ನು ಮತ್ತೆ ಗಣಿತ ವಿಭಾಗಕ್ಕೆ ತೆಗೆದುಕೊಳ್ಳಬೇಕೆಂದು ಕೇಳಿದರು. ಪ್ರಾಂಶುಪಾಲರು ಒಂದು ಷರತ್ತು ಹಾಕಿದರು. ವಿಶ್ವವಿದ್ಯಾನಿಲಯ ತರಬೇತಿಗೆ ಇಂಗ್ಲೆಂಡಿಗೆ ಕಳಿಸುತ್ತಿದೆ, ಹೋಗಿ ಬಾ, ಬಂದ ಮೇಲೂ ಬೇಸರವಿದ್ದರೆ ನಿನ್ನ ಜಾಗ ನಿನಗೆ ಎಂದರು.

ರಂಗನಾಥನ್ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಗ್ರಂಥಪಾಲನ ಶಾಲೆಗೆ ಸೇರಿದರು. ಕ್ರಾಯ್ಡನ್ ಪಟ್ಟಣದ ಮುಖ್ಯ ಗ್ರಂಥಪಾಲಕ ಬರ್ವಿಕ್ ಸೇಯರ್ಸ್ ಅಲ್ಲಿ ಅವರ ಗುರು. ಪರೀಕ್ಷೆಗಿಂತ ಹೆಚ್ಚಾಗಿ ಅವರಿಗೆ ಕಣ್ಣು ತೆರೆಸಿದ್ದು ಓಡಾಟ. ನೂರಕ್ಕೂ ಹೆಚ್ಚು ಗ್ರಂಥಾಲಯಗಳನ್ನು ನೋಡಿದರು. ಅಲ್ಲಿ ಮಕ್ಕಳು, ಕೂಲಿಯವರು, ಗೃಹಿಣಿಯರು ತಾವೇ ಕಪಾಟಿನ ಬಳಿ ಹೋಗಿ ಪುಸ್ತಕ ಆರಿಸಿಕೊಳ್ಳುತ್ತಿದ್ದರು. ಇದು ಇಂಗ್ಲೆಂಡಿಗೂ ಬಹಳ ಹಳೆಯ ಪದ್ಧತಿಯಲ್ಲ. ಮಧ್ಯಯುಗದಲ್ಲಿ ಅಲ್ಲಿ ಪುಸ್ತಕಗಳಿಗೆ ಕಬ್ಬಿಣದ ಸರಪಳಿ ಹಾಕಿ ಮೇಜಿಗೆ ಬಿಗಿಯುತ್ತಿದ್ದರು. ಸರಪಳಿ ಹೋದ ಮೇಲೂ ಓದುಗ ಕೌಂಟರಿನ ಈಚೆ, ಪುಸ್ತಕ ಆಚೆ. ಸಾರ್ವಜನಿಕ ಗ್ರಂಥಾಲಯದ ಕಪಾಟಿನ ಬಳಿಗೆ ಓದುಗರನ್ನು ಬಿಟ್ಟ ಪ್ರಯೋಗವನ್ನು ಜೇಮ್ಸ್ ಡಫ್ ಬ್ರೌನ್ ಲಂಡನ್ನಿನ ಕ್ಲರ್ಕನ್‌ವೆಲ್‌ನಲ್ಲಿ ಮಾಡಿದ್ದು 1894ರಲ್ಲಿ. ಆಗ ಗ್ರಂಥಪಾಲಕರಲ್ಲೇ ಹಲವರು ಅದನ್ನು ವಿರೋಧಿಸಿದ್ದರು.

ಲಂಡನ್ನಿನ ಸೆಲ್‌ಫ್ರಿಜ್ ಅಂಗಡಿಯಲ್ಲಿ ಅವರು ಮೆಕ್ಯಾನೊ ಎಂಬ ಆಟಿಕೆ ನೋಡಿದ ಸಂಗತಿ ಪ್ರಸಿದ್ಧ. ಅವೇ ತುಂಡುಗಳು, ತಿರುಪುಗಳು, ಜೋಡಿಸುವ ರೀತಿ ಬದಲಾದರೆ ಹೊಸ ಹೊಸ ಆಟಿಕೆ. ಪುಸ್ತಕದ ವಿಷಯವನ್ನೂ ಹೀಗೆ ಸಣ್ಣ ತುಂಡುಗಳಾಗಿ ಒಡೆದು, ಬೇಕಾದಂತೆ ಜೋಡಿಸಬಹುದಲ್ಲ ಎಂದು ಅವರಿಗೆ ಹೊಳೆಯಿತು. ತುಂಡುಗಳನ್ನು ಜೋಡಿಸುವ ತಿರುಪಾಗಿ ಕೋಲನ್ ಚಿಹ್ನೆ ಬಂತು. 1933ರಲ್ಲಿ ಅಚ್ಚಾದ ದ್ವಿಬಿಂದು ವರ್ಗೀಕರಣದ ಬೀಜ ಇದು. ಆಟಿಕೆಯ ಅಂಗಡಿಯಲ್ಲೂ ಪಾಠೋಪಕರಣ ಸಿಗುತ್ತದೆ ಎಂದು ನಾವು ಹೇಳುತ್ತೇವಲ್ಲ, ಅದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

1925ರಲ್ಲಿ ಅವರು ಮದರಾಸಿಗೆ ಮರಳಿದರು. ಗಣಿತ ವಿಭಾಗಕ್ಕೆ ಹಿಂತಿರುಗುವ ಮಾತನ್ನು ಮತ್ತೆ ಎತ್ತಲಿಲ್ಲ.

ಕಪಾಟಿನ ಬೀಗ

ಆ ಹೊತ್ತಿನ ನಮ್ಮ ಗ್ರಂಥಾಲಯಗಳಲ್ಲಿ ಪುಸ್ತಕವೆಂದರೆ ಆಸ್ತಿ, ಗ್ರಂಥಪಾಲಕನೆಂದರೆ ಕಾವಲುಗಾರ. ದಾಸ್ತಾನು ಪುಸ್ತಕದಲ್ಲಿ ಬರೆದಷ್ಟು ಪುಸ್ತಕ ವರ್ಷದ ಕೊನೆಗೆ ಕಪಾಟಿನಲ್ಲಿದ್ದರೆ ಅವನು ಒಳ್ಳೆಯ ನೌಕರ. ಒಂದು ಕಡಿಮೆಯಾದರೆ ಅವನ ಸಂಬಳಕ್ಕೆ ಕತ್ತರಿ. ಇಂಥ ಲೆಕ್ಕದಲ್ಲಿ ಯಾರೂ ಓದದ ಗ್ರಂಥಾಲಯವೇ ಅತ್ಯುತ್ತಮ ಗ್ರಂಥಾಲಯ!

ರಂಗನಾಥನ್ ಈ ಲೆಕ್ಕವನ್ನೇ ತಿರುಗಿಸಿದರು. ಓದುಗರನ್ನು ಕಪಾಟಿನ ಬಳಿಗೆ ಬಿಟ್ಟರು. ಗ್ರಂಥಾಲಯ ತೆರೆದಿರುವ ಹೊತ್ತನ್ನು ಹೆಚ್ಚಿಸಿದರು. ಕಪಾಟುಗಳು ಕೈಗೆ ಎಟಕುವಷ್ಟೇ ಎತ್ತರ ಇರಬೇಕು, ನಡುವೆ ಓಡಾಡಲು ಜಾಗವಿರಬೇಕು, ಓದುಗನಿಗೆ ಹುಡುಕಿಕೊಡಲು ತಿಳಿವಳಿಕೆಯುಳ್ಳ ಸಿಬ್ಬಂದಿ ಇರಬೇಕು ಎಂದು ಪಟ್ಟು ಹಿಡಿದರು. ಮರೀನಾ ತೀರದಲ್ಲಿ 1936ರಲ್ಲಿ ಸಿದ್ಧವಾದ ಹೊಸ ಕಟ್ಟಡದಲ್ಲಿ ಈ ಯೋಚನೆಗಳಿಗೆ ಕಲ್ಲು ಗಾರೆಯ ರೂಪ ಬಂತು.

ಕಪಾಟು ತೆರೆದರೆ ಪುಸ್ತಕ ಕಳವಾಗುವುದಿಲ್ಲವೇ ಎಂಬ ಪ್ರಶ್ನೆ ಅವರನ್ನೂ ಬಿಡಲಿಲ್ಲ. ಕೆಲವು ಪುಸ್ತಕ ಹೋಗಬಹುದು ಎಂಬುದನ್ನು ಅವರು ಅಲ್ಲಗಳೆಯಲಿಲ್ಲ. ಹೋಗದಂತೆ ಬಾಗಿಲಲ್ಲಿ ಎಚ್ಚರ ವಹಿಸಬೇಕು ಎಂದೂ ಹೇಳಿದರು. ಆದರೆ ನಾಲ್ಕು ಪುಸ್ತಕ ಕಳೆದುಹೋಗುವ ನಷ್ಟವನ್ನು ನಾಲ್ಕು ಸಾವಿರ ಪುಸ್ತಕ ಯಾರ ಕೈಗೂ ಹೋಗದೆ ಕೊಳೆಯುವ ನಷ್ಟದ ಪಕ್ಕದಲ್ಲಿಟ್ಟು ತೂಗಬೇಕು ಎಂಬುದು ಅವರ ವಾದದ ತಿರುಳು. ಗಣಿತದವರು ತಾನೇ, ತಕ್ಕಡಿಯ ಎರಡೂ ತಟ್ಟೆ ನೋಡದೆ ಬಿಡುವವರಲ್ಲ.

ಈ ವಿಚಾರಗಳೆಲ್ಲ ಸೇರಿ 1931ರಲ್ಲಿ ಗ್ರಂಥಾಲಯ ವಿಜ್ಞಾನದ ಪಂಚ ಸೂತ್ರಗಳ ಪುಸ್ತಕವಾಯಿತು. ಬಿ.ಇಡಿ. ತರಗತಿಯಲ್ಲಿ ನಾನು ಅವನ್ನು ನನ್ನ ಮಾತಿನಲ್ಲಿ ಹೀಗೆ ಹೇಳುತ್ತೇನೆ. ಪುಸ್ತಕ ಇರುವುದು ಬಳಸುವುದಕ್ಕೆ, ಕಾಪಾಡುವುದಕ್ಕಲ್ಲ. ಓದುಗ ಯಾರೇ ಆಗಿರಲಿ, ಅವನಿಗೆ ಬೇಕಾದ ಪುಸ್ತಕ ಅವನಿಗೆ ಸಿಗಬೇಕು. ಪುಸ್ತಕಕ್ಕೂ ತನ್ನ ಓದುಗ ಸಿಗಬೇಕು. ಓದುಗನ ಸಮಯ ಹಾಳಾಗಬಾರದು. ಗ್ರಂಥಾಲಯ ಬೆಳೆಯುವ ಜೀವಿ, ಅದಕ್ಕೆ ತಕ್ಕಂತೆ ಅದನ್ನು ಕಟ್ಟಬೇಕು. ಇವುಗಳಲ್ಲಿ ಮೂರನೆಯ ಸೂತ್ರವನ್ನು ವಿವರಿಸುವಾಗ ಅವರು ಮೊದಲ ಸ್ಥಾನ ಕೊಟ್ಟ ಸಾಧನವೇ ತೆರೆದ ಕಪಾಟು. ಇಂಗ್ಲಿಷಿನಲ್ಲಿ ಅವರು ಬಳಸಿದ ಪದ ಓಪನ್ ಆಕ್ಸೆಸ್, ಅಂದರೆ ಮುಕ್ತ ಪ್ರವೇಶ. ಇಂದು ಸಂಶೋಧನಾ ಪತ್ರಿಕೆಗಳ ಬಗ್ಗೆ ಜಗತ್ತೆಲ್ಲ ಬಳಸುವ ಪದವೂ ಅದೇ.

ಅವರ ಸ್ವಂತ ಬದುಕಿನಲ್ಲಿ ಆ ವರ್ಷಗಳು ಸುಖದವಾಗಿರಲಿಲ್ಲ. ಪತ್ನಿ ರುಕ್ಮಿಣಿ 1928ರಲ್ಲಿ ಅಪಘಾತದಲ್ಲಿ ತೀರಿಕೊಂಡರು. ಮರುವರ್ಷ ಶಾರದಾ ಅವರೊಂದಿಗೆ ಮದುವೆಯಾಯಿತು. ಕೆಲಸ ಮಾತ್ರ ನಿಲ್ಲಲಿಲ್ಲ. 1928ರಲ್ಲಿ ಮದರಾಸು ಗ್ರಂಥಾಲಯ ಸಂಘ, 1929ರಲ್ಲಿ ಗ್ರಂಥಪಾಲಕರ ತರಬೇತಿ ಶುರುವಾದವು. 1931ರಲ್ಲಿ ಮನ್ನಾರ್‌ಗುಡಿಯ ಸುತ್ತಲಿನ ಹಳ್ಳಿಗಳಿಗೆ ಎತ್ತಿನ ಗಾಡಿಯ ಗ್ರಂಥಾಲಯ ಹೊರಟಿತು. ಓದುಗ ಬರಲಾಗದಿದ್ದರೆ ಪುಸ್ತಕವೇ ಹೋಗಲಿ ಎಂಬುದು ಅದರ ಹಿಂದಿನ ವಿಚಾರ. ಶಾಲಾ ಕಾಲೇಜುಗಳ ಗ್ರಂಥಾಲಯಗಳ ಮೇಲೆ 1942ರಲ್ಲಿ ಅವರು ಬರೆದ ಪುಸ್ತಕ ನಮ್ಮ ಪ್ರಶಿಕ್ಷಣ ಕಾಲೇಜುಗಳಲ್ಲಿ ಇರಲೇಬೇಕಾದದ್ದು.

ಪುಸ್ತಕದಿಂದ ಪತ್ರಿಕೆಯ ಕಡೆಗೆ

ಇಪ್ಪತ್ತು ವರ್ಷದ ನಂತರ ಮದರಾಸು ಬಿಟ್ಟ ರಂಗನಾಥನ್ 1945ರಲ್ಲಿ ಕಾಶಿಯ ಹಿಂದೂ ವಿಶ್ವವಿದ್ಯಾನಿಲಯಕ್ಕೆ ಹೋದರು. ಸರ್ವೇಪಲ್ಲಿ ರಾಧಾಕೃಷ್ಣನ್ ಆಗ ಅಲ್ಲಿ ಕುಲಪತಿ. ಸುಮಾರು ಒಂದು ಲಕ್ಷ ಪುಸ್ತಕಗಳನ್ನು ರಂಗನಾಥನ್ ಅಲ್ಲಿ ವರ್ಗೀಕರಿಸಿದರು. 1947ರಲ್ಲಿ ದೆಹಲಿ ವಿಶ್ವವಿದ್ಯಾನಿಲಯಕ್ಕೆ ಬಂದರು.

ದೇಶ ಆಗಷ್ಟೇ ಸ್ವತಂತ್ರವಾಗಿತ್ತು. ಹೊಸ ಪ್ರಯೋಗಾಲಯಗಳು, ಹೊಸ ಕಾಲೇಜುಗಳು ಏಳುತ್ತಿದ್ದವು. ವಿಜ್ಞಾನದ ಹೊಸ ಸುದ್ದಿ ಮೊದಲು ಬರುವುದು ಪತ್ರಿಕೆಗಳ ಲೇಖನಗಳಲ್ಲಿ, ಪುಸ್ತಕಕ್ಕೆ ಇಳಿಯುವ ಹೊತ್ತಿಗೆ ವರ್ಷಗಳು ಕಳೆದಿರುತ್ತವೆ. ವಿದೇಶಿ ಪತ್ರಿಕೆಗಳಿಗೆ ವಿದೇಶಿ ಹಣ ಬೇಕು. ಒಂದು ಪತ್ರಿಕೆ ದೇಶದ ಯಾವುದೋ ಒಂದು ಗ್ರಂಥಾಲಯಕ್ಕೆ ಬರುತ್ತಿದ್ದರೂ ಬೇರೆಯವರಿಗೆ ಅದು ಗೊತ್ತಿರುತ್ತಿರಲಿಲ್ಲ. ಪುಸ್ತಕದ ಕಪಾಟು ತೆರೆದವರಿಗೆ ಈಗ ಲೇಖನದ ಬಾಗಿಲು ತೆರೆಯುವ ಕೆಲಸ ಕಾದಿತ್ತು.

ಅವರು ಎರಡು ಕಡೆಯಿಂದ ಕೈಹಾಕಿದರು. ಮೊದಲನೆಯದು, ಯಾವ ಪತ್ರಿಕೆ ಎಲ್ಲಿದೆ ಎಂದು ಹೇಳುವ ಪಟ್ಟಿ. ದಕ್ಷಿಣ ಏಷ್ಯಾದ ಗ್ರಂಥಾಲಯಗಳಲ್ಲಿರುವ ವಿದ್ವತ್ ಪತ್ರಿಕೆಗಳ ಒಕ್ಕೂಟ ಸೂಚಿ 1953ರಲ್ಲಿ ಹೊರಬಂತು. ಅದನ್ನು ನೋಡಿದರೆ ತನಗೆ ಬೇಕಾದ ಸಂಚಿಕೆ ಯಾವ ಊರಿನಲ್ಲಿದೆ ಎಂದು ಸಂಶೋಧಕನಿಗೆ ತಿಳಿಯುತ್ತಿತ್ತು. ಎರಡನೆಯದು, ಲೇಖನವನ್ನೇ ಕೈಗೆ ತಲುಪಿಸುವ ಏರ್ಪಾಡು. ಯುನೆಸ್ಕೋ ನೆರವಿನಿಂದ 1952ರಲ್ಲಿ ದೆಹಲಿಯಲ್ಲಿ ಇನ್ಸ್‌ಡಾಕ್ ಎಂಬ ರಾಷ್ಟ್ರೀಯ ಕೇಂದ್ರ ಹುಟ್ಟಿತು. ಅದರ ಹಿಂದೆ ರಂಗನಾಥನ್ ಅವರ ಒತ್ತಾಸೆ ಇತ್ತು. ಸಂಶೋಧಕ ಕೇಳಿದ ಲೇಖನದ ಛಾಯಾಪ್ರತಿ ತೆಗೆದು ಕಳಿಸುವುದು, ರಷ್ಯನ್, ಜರ್ಮನ್ ಮುಂತಾದ ಭಾಷೆಯ ಲೇಖನಗಳನ್ನು ಅನುವಾದಿಸಿಕೊಡುವುದು ಅದರ ಕೆಲಸವಾಗಿತ್ತು. 1954ರಲ್ಲಿ ಅದೇ ಕೇಂದ್ರದಿಂದ ಅವರ ಸಂಪಾದಕತ್ವದಲ್ಲಿ ಗ್ರಂಥಾಲಯ ವಿಜ್ಞಾನದ ಒಂದು ಪತ್ರಿಕೆಯೂ ಶುರುವಾಯಿತು.

ಗುತ್ತಿಯ ಡೆಪ್ಯುಟಿ ಕಲೆಕ್ಟರರು ಚಂದಾ ಎತ್ತಿ ಅಂಚೆಯಲ್ಲಿ ಸುತ್ತಿಸುತ್ತಿದ್ದ ಪತ್ರಿಕೆಗಳ ವ್ಯವಸ್ಥೆಯನ್ನೇ ಇಡೀ ದೇಶದ ಮಟ್ಟಕ್ಕೆ ಏರಿಸಿದ ಕೆಲಸ ಇದು.

ಬೆಂಗಳೂರಿನ ವರ್ಷಗಳು

ಎರಡು ವರ್ಷ ಜ್ಯೂರಿಕ್‌ನಲ್ಲಿದ್ದು, 1957ರಲ್ಲಿ ಅವರು ಬೆಂಗಳೂರಿಗೆ ಬಂದು ನೆಲೆಸಿದರು. ಆ ವರ್ಷವೇ ಪದ್ಮಶ್ರೀ ಬಂತು. ಜೀವಮಾನದ ಉಳಿತಾಯದಿಂದ ಒಂದು ಲಕ್ಷ ರೂಪಾಯಿಯನ್ನು ಅದಾಗಲೇ ಮದರಾಸು ವಿಶ್ವವಿದ್ಯಾನಿಲಯಕ್ಕೆ ಕೊಟ್ಟು ಪತ್ನಿಯ ಹೆಸರಿನಲ್ಲಿ ಪ್ರಾಧ್ಯಾಪಕ ಪೀಠ ಸ್ಥಾಪಿಸಿದ್ದರು. 1961ರಲ್ಲಿ ಬೆಂಗಳೂರಿನಲ್ಲಿ ಶಾರದಾ ರಂಗನಾಥನ್ ದತ್ತಿ ಶುರುವಾಯಿತು. 1962ರಲ್ಲಿ ಭಾರತೀಯ ಸಾಂಖ್ಯಿಕ ಸಂಸ್ಥೆಯ ಅಡಿಯಲ್ಲಿ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಬೆಂಗಳೂರಿನಲ್ಲಿ ಕಟ್ಟಿದರು. ಡಿಆರ್‌ಟಿಸಿ ಎಂದೇ ಅದು ಪ್ರಸಿದ್ಧ. 1965ರಲ್ಲಿ ಭಾರತ ಸರ್ಕಾರ ಅವರನ್ನು ರಾಷ್ಟ್ರೀಯ ಸಂಶೋಧನಾ ಪ್ರಾಧ್ಯಾಪಕರನ್ನಾಗಿ ನೇಮಿಸಿತು.

ಗ್ರಂಥಾಲಯ ಕಾನೂನಿನ ಮಾದರಿಯನ್ನು ಅವರು 1930ರಲ್ಲೇ ಕಾಶಿಯ ಶಿಕ್ಷಣ ಸಮ್ಮೇಳನದಲ್ಲಿ ಮಂಡಿಸಿದ್ದರು. 1948ರಲ್ಲಿ ಮದರಾಸು, 1965ರಲ್ಲಿ ನಮ್ಮ ಮೈಸೂರು ರಾಜ್ಯ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಮಾಡಿದವು. ಆಸ್ತಿ ತೆರಿಗೆಯ ರಸೀದಿಯಲ್ಲಿ ಗ್ರಂಥಾಲಯ ಕರ ಎಂಬ ಸಾಲನ್ನು ನೀವು ನೋಡಿರಬಹುದು. ಊರಿನವರೆಲ್ಲ ಸ್ವಲ್ಪ ಸ್ವಲ್ಪ ಹಾಕಿ, ಊರಿನವರೆಲ್ಲರಿಗೂ ಓದು ಉಚಿತ ಮಾಡುವ ಏರ್ಪಾಡು ಅದು. 1972ರ ಸೆಪ್ಟೆಂಬರ್ 27ರಂದು ರಂಗನಾಥನ್ ಬೆಂಗಳೂರಿನಲ್ಲಿಯೇ ತೀರಿಕೊಂಡರು. ಆಗ ಅವರಿಗೆ ಎಂಬತ್ತು ತುಂಬಿತ್ತು.

ಹೊಸ ಬೀಗ, ಹೊಸ ಕೀಲಿ

ರಂಗನಾಥನ್ ಅವರ ಕಾಲದಲ್ಲಿ ಪ್ರತಿ ತೆಗೆಯುವುದಕ್ಕೆ, ಅಂಚೆಗೆ, ಕಾಗದಕ್ಕೆ ಖರ್ಚಿತ್ತು. ಒಂದು ಪ್ರತಿ ಒಬ್ಬರ ಕೈಯಲ್ಲಿದ್ದರೆ ಇನ್ನೊಬ್ಬರು ಕಾಯಲೇಬೇಕು. ಕಂಪ್ಯೂಟರಿನ ಜಾಲ ಬಂದ ಮೇಲೆ ಆ ಕಾರಣ ಹೋಯಿತು. ಒಂದೇ ಲೇಖನವನ್ನು ಲಕ್ಷ ಜನ ಒಟ್ಟಿಗೆ ಓದಬಹುದು. ಹಾಗಿದ್ದರೂ ಬೀಗ ಉಳಿಯಿತು. ಸಾರ್ವಜನಿಕರ ಹಣದಿಂದ ಸಂಶೋಧನೆ ನಡೆಯುತ್ತದೆ. ಪ್ರಾಧ್ಯಾಪಕರು ಲೇಖನಕ್ಕೆ ಸಂಭಾವನೆ ಪಡೆಯುವುದಿಲ್ಲ, ಪರಿಶೀಲಿಸುವವರೂ ಸಾಮಾನ್ಯವಾಗಿ ಪಡೆಯುವುದಿಲ್ಲ. ಅಚ್ಚಾದ ಮೇಲೆ ಅದೇ ಲೇಖನವನ್ನು ವಿಶ್ವವಿದ್ಯಾನಿಲಯಗಳು ಹಣ ಕೊಟ್ಟು ಕೊಳ್ಳಬೇಕು. ಇದನ್ನು ಒಪ್ಪದವರು 2002ರಲ್ಲಿ ಬುಡಾಪೆಸ್ಟ್ ಘೋಷಣೆಯ ಮೂಲಕ ಮುಕ್ತ ಪ್ರವೇಶವನ್ನು ಜಗತ್ತಿನ ಮುಂದಿಟ್ಟರು. ಅವರು ತೋರಿಸಿದ ದಾರಿ ಎರಡು. ಲೇಖಕ ತನ್ನ ಲೇಖನದ ಪ್ರತಿಯನ್ನು ಎಲ್ಲರಿಗೂ ಸಿಗುವ ಸಂಗ್ರಹದಲ್ಲಿ ಇಡುವುದು ಒಂದು, ಓದುಗನಿಂದ ಹಣ ಕೇಳದ ಪತ್ರಿಕೆಗಳನ್ನು ನಡೆಸುವುದು ಇನ್ನೊಂದು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ತನ್ನ ಸಂಶೋಧಕರ ಲೇಖನಗಳಿಗೆ ಇಂಥ ಸಂಗ್ರಹವನ್ನು ದೇಶದಲ್ಲೇ ಮೊದಲು ಆರಂಭಿಸಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ ತನ್ನ ಪತ್ರಿಕೆಗಳನ್ನು ಓದಲು ಉಚಿತವಾಗಿ ಇಟ್ಟಿತು. ರಂಗನಾಥನ್ 1954ರಲ್ಲಿ ಆರಂಭಿಸಿದ ಪತ್ರಿಕೆ ಹೆಸರು ತುಸು ಬದಲಿಸಿಕೊಂಡು ಈಗಲೂ ನಡೆಯುತ್ತಿದೆ, ಅದನ್ನು ಯಾರು ಬೇಕಾದರೂ ಹಣವಿಲ್ಲದೆ ಓದಬಹುದು. ಅವರ ಪಂಚ ಸೂತ್ರಗಳ ಪುಸ್ತಕವನ್ನೂ ದತ್ತಿಯ ಒಪ್ಪಿಗೆಯಿಂದ ಉಚಿತ ಓದಿಗೆ ಇಡಲಾಗಿದೆ. ನಮ್ಮ ಕಾನೂನಿನಲ್ಲಿ ಲೇಖಕ ತೀರಿಕೊಂಡು 60 ವರ್ಷದವರೆಗೆ ಹಕ್ಕು ಉಳಿಯುತ್ತದೆ, ಅಂದರೆ 2032ರವರೆಗೆ ಕಾಯಬೇಕಿತ್ತು. ಕಾಯಿಸದೆ ಕೊಟ್ಟದ್ದು ಅವರ ಮೊದಲ ಸೂತ್ರಕ್ಕೆ ತಕ್ಕ ನಡೆ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ರಂಗನಾಥನ್ ಹೇಳಿದ ಮುಕ್ತ ಪ್ರವೇಶವೂ ಇಂದಿನದೂ ಒಂದೇ ಅಲ್ಲ. ಅವರು ಪ್ರಕಾಶಕರಿಗೆ ಹಣ ಕೊಟ್ಟು ತಂದ ಪುಸ್ತಕವನ್ನು ಓದುಗನ ಕೈಗೆ ಬಿಟ್ಟರು. ಇಂದಿನವರು ಓದುಗನಿಂದ ಹಣ ಕೇಳುವುದನ್ನೇ ಬಿಡಿ ಎನ್ನುತ್ತಾರೆ. ಖರ್ಚು ಎಲ್ಲಿಂದಲೋ ಬರಲೇಬೇಕು. ಕೆಲವು ಪತ್ರಿಕೆಗಳು ಅದನ್ನು ಲೇಖಕನ ಮೇಲೆ ಹೊರಿಸುತ್ತವೆ. ಈ ಸಂದಿನಲ್ಲಿ, ಹಣ ಕೊಟ್ಟರೆ ಪರಿಶೀಲನೆಯಿಲ್ಲದೆ ಏನನ್ನಾದರೂ ಅಚ್ಚು ಹಾಕುವ ನಕಲಿ ಪತ್ರಿಕೆಗಳೂ ಹುಟ್ಟಿಕೊಂಡಿವೆ. ಉಚಿತವಾಗಿ ಸಿಕ್ಕಿದ್ದೆಲ್ಲ ಒಳ್ಳೆಯದಲ್ಲ. ಓದುಗನಿಗೆ ಆರಿಸಿಕೊಡುವ ತಿಳಿವಳಿಕೆಯುಳ್ಳ ಸಿಬ್ಬಂದಿ ಬೇಕೆಂದು ರಂಗನಾಥನ್ ಹಟ ಹಿಡಿದದ್ದು ಈ ಕಾರಣಕ್ಕೂ ನೆನಪಿಡಬೇಕಾದದ್ದು. ಕೇಂದ್ರ ಸರ್ಕಾರ 2025ರಿಂದ ಒಂದು ದೇಶ ಒಂದು ಚಂದಾ ಎಂಬ ಯೋಜನೆಯಲ್ಲಿ ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಸುಮಾರು 13,000 ಪತ್ರಿಕೆಗಳನ್ನು ಒದಗಿಸುತ್ತಿದೆ. ಇದು ದೊಡ್ಡ ಹೆಜ್ಜೆ. ಆದರೆ ಖಾಸಗಿ ಪ್ರಶಿಕ್ಷಣ ಕಾಲೇಜಿನಲ್ಲಿ ಓದುವವರು, ಪದವಿ ಮುಗಿಸಿ ಹಳ್ಳಿಯ ಶಾಲೆಗೆ ಹೋದ ಶಿಕ್ಷಕರು ಇನ್ನೂ ಕೌಂಟರಿನ ಈಚೆಯೇ ನಿಂತಿದ್ದಾರೆ. ಎಲ್ಲ ಓದುಗರಿಗೂ ಎಂಬ ಎರಡನೆಯ ಸೂತ್ರ ಇನ್ನೂ ಪೂರ್ತಿ ಪಾಲನೆಯಾಗಿಲ್ಲ.

ಬೋಧನಾಭ್ಯಾಸದಲ್ಲಿ ಏನು ಮಾಡಬಹುದು

ನಮ್ಮ ಕೈಯಲ್ಲಿರುವುದನ್ನು ನಾವು ಮಾಡಬಹುದು. ಪ್ರಶಿಕ್ಷಣಾರ್ಥಿಗಳೇ, ಬೋಧನಾಭ್ಯಾಸಕ್ಕೆ ಹೋದ ಶಾಲೆಯಲ್ಲಿ ಮೊದಲ ವಾರವೇ ಗ್ರಂಥಾಲಯದ ಬೀರು ನೋಡಿ. ಅನೇಕ ಶಾಲೆಗಳಲ್ಲಿ ಒಳ್ಳೆಯ ಪುಸ್ತಕಗಳು ಮುಖ್ಯೋಪಾಧ್ಯಾಯರ ಕೊಠಡಿಯಲ್ಲಿ ಬೀಗದೊಳಗಿರುತ್ತವೆ. ಬೀಗ ಹಾಕಿದವರನ್ನು ದೂರಬೇಡಿ. ಪುಸ್ತಕ ಕಳೆದರೆ ಉತ್ತರ ಕೊಡಬೇಕಾದವರು ಅವರೇ. ಅವರ ಅನುಮತಿ ಪಡೆದು, ಮೂವತ್ತು ಪುಸ್ತಕಗಳನ್ನು ಪಟ್ಟಿ ಮಾಡಿ, ಒಂದು ತರಗತಿಯ ಮೂಲೆಯಲ್ಲಿ ಮಕ್ಕಳ ಕೈಗೆ ಎಟಕುವಂತೆ ಇಡಿ. ತೆಗೆದುಕೊಂಡಿದ್ದು, ಹಿಂತಿರುಗಿಸಿದ್ದು ಬರೆಯುವ ಜವಾಬ್ದಾರಿಯನ್ನು ಮಕ್ಕಳಿಗೇ ಕೊಡಿ. ಬೋಧನಾಭ್ಯಾಸ ಮುಗಿಯುವಾಗ ಎಷ್ಟು ಪುಸ್ತಕ ಎಷ್ಟು ಸಲ ಓದಲ್ಪಟ್ಟಿತು, ಎಷ್ಟು ಕಳೆಯಿತು ಎಂದು ಎರಡೂ ಲೆಕ್ಕವನ್ನು ಮುಖ್ಯೋಪಾಧ್ಯಾಯರ ಮುಂದಿಡಿ. ಇದಕ್ಕಿಂತ ಸರಳವಾದ ಕ್ರಿಯಾ ಸಂಶೋಧನೆ ನನಗೆ ತೋಚುವುದಿಲ್ಲ.

ಓದಿಗೆ ಲೇಖನ ಬೇಕಾದಾಗ ಮೊದಲು ತೆರೆದಿರುವ ಬಾಗಿಲುಗಳಿಗೆ ಹೋಗಿ. ಶೋಧಗಂಗಾದಲ್ಲಿ ಕನ್ನಡ ನಾಡಿನ ವಿಶ್ವವಿದ್ಯಾನಿಲಯಗಳ ಶಿಕ್ಷಣದ ಪಿಎಚ್‌.ಡಿ. ಪ್ರಬಂಧಗಳು ಪೂರ್ತಿಯಾಗಿ ಸಿಗುತ್ತವೆ. ಎನ್‌ಸಿಇಆರ್‌ಟಿಯ ಶಿಕ್ಷಣ ಪತ್ರಿಕೆಗಳು ಉಚಿತ. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದ ಲರ್ನಿಂಗ್ ಕರ್ವ್ ಕನ್ನಡದಲ್ಲೂ ಬರುತ್ತದೆ. ಬಾಗಿಲು ಮುಚ್ಚಿರುವ ಲೇಖನವಾದರೆ ಅದರ ಲೇಖಕರಿಗೇ ವಿನಯದಿಂದ ಒಂದು ಪತ್ರ ಬರೆಯಿರಿ. ಓದುವವರಿದ್ದಾರೆಂದು ತಿಳಿದರೆ ಹೆಚ್ಚಿನವರು ಸಂತೋಷದಿಂದ ಪ್ರತಿ ಕಳಿಸುತ್ತಾರೆ.

ಸಹೋದ್ಯೋಗಿಗಳಲ್ಲಿ ನನ್ನ ಕೋರಿಕೆ ಇನ್ನೂ ಸಣ್ಣದು. ಪ್ರತಿ ವರ್ಷ ನಮ್ಮ ಪ್ರಶಿಕ್ಷಣಾರ್ಥಿಗಳು ಬರೆಯುವ ಕ್ರಿಯಾ ಸಂಶೋಧನೆಯ ವರದಿಗಳು ಅಂಕ ಹಾಕಿದ ಮೇಲೆ ಗಂಟು ಕಟ್ಟಿ ಉಗ್ರಾಣ ಸೇರುತ್ತವೆ. ಭಿನ್ನರಾಶಿ ಕಲಿಸುವಾಗ ಸುಳ್ಯದ ಒಂದು ಶಾಲೆಯಲ್ಲಿ ಕಂಡದ್ದು ಸಿಂಧನೂರಿನ ಹೊಸ ಶಿಕ್ಷಕಿಗೆ ತಿಳಿಯುವ ದಾರಿಯೇ ಇಲ್ಲ. ಬರೆದವರ ಒಪ್ಪಿಗೆ ಪಡೆದು, ಮಕ್ಕಳ ಹೆಸರು ತೆಗೆದು, ಒಳ್ಳೆಯ ಹತ್ತು ವರದಿಗಳನ್ನಾದರೂ ವರ್ಷಕ್ಕೊಮ್ಮೆ ಎಲ್ಲರಿಗೂ ಸಿಗುವಂತೆ ಇಡೋಣ. ಬೇರೆಯವರ ಬೀಗದ ಬಗ್ಗೆ ದೂರುವ ನಾವು ಮೊದಲು ನಮ್ಮ ಉಗ್ರಾಣದ ಬೀಗ ತೆಗೆಯಬೇಕು. ಮುಂದಿನ ಆಗಸ್ಟ್ 12ಕ್ಕೆ ಹಾರದ ಜೊತೆಗೆ ಆ ಹತ್ತು ವರದಿಗಳೂ ಸಿದ್ಧವಿದ್ದರೆ, ಸೈದಾಪೇಟೆಯಲ್ಲಿ ಓದಿದ ಆ ಹಳೆಯ ಪ್ರಶಿಕ್ಷಣಾರ್ಥಿಗೆ ಅದು ತಕ್ಕ ಗೌರವವಾದೀತು.